ಶಿವಕುಮಾರಿಯ ಗರಗಸ, ಸುಭಾಷನ ಬರಿಗಾಲು

ಮುಂಬೈಯ ಜೋಗೇಶ್ವರಿ ಪೂರ್ವದ ಚಾಳುಗಳಲ್ಲಿ ಕಲಬುರಗಿ ಕಡೆಯ ಜನ ಬಹಳ. ಅಲ್ಲಿಗೆ ಹೋಗಿ ಮರ ಕೊಯ್ಯುವ ಬ್ಯಾಟರಿ ಗರಗಸ ಎಲ್ಲಿ ಸಿಗುತ್ತದೆ ಎಂದು ಕೇಳಿ ನೋಡಿ. ಯಾರಾದರೂ ಅಣ್ಣು ಶೆಟ್ಟರ ಹೋಟೆಲಿನ ಹಿಂಬಾಗಿಲಿಗೆ ಕೈ ತೋರಿಸುತ್ತಾರೆ. ಕೇಳಿದವರಿಗೆಲ್ಲ ಸಿಗುತ್ತದೆಯೇ ಎಂದರೆ ಮಾತ್ರ ನಕ್ಕುಬಿಡುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ. ಗರಗಸ ಶೆಟ್ಟರದು, ಕೊಡುವುದು ಬಿಡುವುದು ಅವರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಶಿವಕುಮಾರಿಯದು.

ಶೆಟ್ಟರು ಆ ಗರಗಸ ಕೊಂಡದ್ದು ಸಿಟ್ಟಿನಲ್ಲಿ. ಒಂದು ಮಳೆಗಾಲ ಹೋಟೆಲಿನ ಹಿಂದಿನ ಬಾದಾಮಿ ಮರದ ಕೊಂಬೆ ಅಡುಗೆಮನೆಯ ಶೀಟಿನ ಮೇಲೆ ಬಿದ್ದು, ಕುದಿಯುತ್ತಿದ್ದ ಸಾಂಬಾರಿಗೆ ಎಲೆ, ಮಣ್ಣು, ಒಂದು ಕಾಗೆಗೂಡು ಎಲ್ಲ ಸೇರಿದವು. ಮಳೆ ನಿಂತ ಮೇಲೆ ಶೆಟ್ಟರು ಎರಡು ಗರಗಸ ತಂದರು. ಒಂದು ಕೈಯಲ್ಲಿ ಹಿಡಿದು ಕೊಯ್ಯುವ ಗಿಡ್ಡದು. ಇನ್ನೊಂದು ಉದ್ದ ಕೋಲಿನದು; ನೆಲದ ಮೇಲೆ ನಿಂತೇ ಅದರಿಂದ ಮೇಲಿನ ಕೊಂಬೆ ಕೊಯ್ಯಬಹುದು. ಅಡುಗೆಮನೆಯವರು ಗಿಡ್ಡದಕ್ಕೆ ಛೋಟು ಎಂದೂ ಉದ್ದದ್ದಕ್ಕೆ ಲಂಬೂ ಎಂದೂ ಹೆಸರಿಟ್ಟರು. ಶೆಟ್ಟರು ಎರಡನ್ನೂ ಒಂದೊಂದು ಸಲ ಓಡಿಸಿ, ಬೆವತು, ಇದು ತಮ್ಮ ಕೈಯ ಕೆಲಸವಲ್ಲ ಎಂದು ಗೋದಾಮಿನಲ್ಲಿಟ್ಟರು. ಅಲ್ಲಿಂದ ಶುರುವಾಯಿತು ಎರವಲಿನವರ ಮೆರವಣಿಗೆ.

ಎರವಲು ವಸ್ತು ಕೈಗೆ ಬಂದರೆ ನಮ್ಮ ಜನಕ್ಕೆ ಎಲ್ಲಿಲ್ಲದ ಧೈರ್ಯ. ಸ್ವಂತ ಕೊಡಲಿಗೆ ಎಣ್ಣೆ ಸವರಿ ಮೂಲೆಯಲ್ಲಿ ನಿಲ್ಲಿಸುವವನೇ ಕಂಡವರ ಗರಗಸವನ್ನು ಮೊಳೆ ಹೊಡೆದ ಹಲಗೆಯ ಮೇಲೂ ಓಡಿಸುತ್ತಾನೆ. ಒಬ್ಬ ಚೈನು ಜೋತುಬಿದ್ದ ಗರಗಸ ತಂದು ಮಾತಿಲ್ಲದೆ ಇಟ್ಟುಹೋದ. ಇನ್ನೊಬ್ಬ ಲುಂಗಿ ಉಟ್ಟು ಕೊಯ್ಯಲು ನಿಂತು, ಅರ್ಧ ಲುಂಗಿಯನ್ನು ಛೋಟುಗೆ ಒಪ್ಪಿಸಿ ಬಂದ. ತೊಡೆ ಉಳಿದದ್ದು ಹೆತ್ತವರ ಪುಣ್ಯ.

"ನಂಗೆ ಬೇಡ ಮಾರಾಯ್ರೆ ಈ ಉಪದ್ರ. ನಾಳೆಯೇ ಗುಜರಿಗೆ ಹಾಕ್ತೇನೆ" ಎಂದು ಶೆಟ್ಟರು ಕೂಗಾಡಿದಾಗ, ಸೌತೆಕಾಯಿ ಹೆಚ್ಚುತ್ತಿದ್ದ ಶಿವಕುಮಾರಿ ತಲೆ ಎತ್ತದೆ ಹೇಳಿದಳು: "ಗುಜರಿಗಿ ಯಾಕ ಹಾಕ್ತೀರಿ ಶೆಟ್ರ? ಕೀಲಿ ನನ್ನ ಕೈಯಾಗ ಕೊಡ್ರಿ."

ಕೀಲಿ ಸಿಕ್ಕಿತು. ಮಾರಿದ ಅಂಗಡಿಯ ಮೆಕ್ಯಾನಿಕ್ಕನನ್ನು ಕರೆಸಿ, ಇಡ್ಲಿ ವಡೆ ತಿನ್ನಿಸಿ, ಅವಳು ಎಲ್ಲವನ್ನೂ ಕಲಿತಳು. ಚೈನು ಎಷ್ಟು ಬಿಗಿಯಿರಬೇಕು, ಎಣ್ಣೆ ಎಲ್ಲಿ ಹಾಕಬೇಕು, ಗರಗಸದ ಮೂಗಿನ ತುದಿ ಮರಕ್ಕೆ ತಾಗಿದರೆ ಅದು ಹೇಗೆ ಕೊಯ್ಯುವವನ ಮುಖಕ್ಕೇ ಹಾರುತ್ತದೆ. ಬಾದಾಮಿ ಮರದ ಬಿದ್ದ ಕೊಂಬೆಗಳನ್ನೆಲ್ಲ ಚೂಡಿದಾರ ತೊಟ್ಟು, ಓಢಣಿ ಹೊದೆಯದೆ, ಒಬ್ಬಳೇ ಕೊಯ್ದು ಕೊಯ್ದು ಕೈ ಪಳಗಿಸಿಕೊಂಡಳು. ಆಮೇಲೆ ಕಾಯಿದೆ ಮಾಡಿದಳು. ಗರಗಸದ ಜೊತೆಗೆ ಬೂಟು, ಕೈಗವಸು, ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್ಟು ಹೋಗಲೇಬೇಕು. ಲುಂಗಿ, ಸೆರಗು, ಕೊರಳಲ್ಲಿ ಟವೆಲು ಇದ್ದವರಿಗೆ ಗರಗಸವಿಲ್ಲ. ಒಯ್ಯುವವರು ಮೊದಲು ಅವಳ ಎದುರಿಗೆ ಒಂದು ತುಂಡು ಕೊಯ್ದು ತೋರಿಸಬೇಕು.

ಇನ್ನೊಂದು ಕಾಯಿದೆ ಅವಳ ಅತ್ತೆ ರಾಚವ್ವನ ಮನೆಯಿಂದ ಬಂದದ್ದು. ಆ ಮನೆಯಲ್ಲಿ ಚಾಕು, ಕತ್ತರಿ, ಕುಡುಗೋಲು ಯಾವುದನ್ನೂ ಕೈಯಿಂದ ಕೈಗೆ ಕೊಡುವ ಪದ್ಧತಿಯಿಲ್ಲ. ಕೊಟ್ಟರೆ ಇಬ್ಬರ ನಡುವೆ ಜಗಳ ಬೀಳುತ್ತದೆ ಎಂಬ ನಂಬಿಕೆ. ಒಬ್ಬರು ನೆಲಕ್ಕಿಡಬೇಕು, ಇನ್ನೊಬ್ಬರು ನೆಲದಿಂದ ಎತ್ತಿಕೊಳ್ಳಬೇಕು. ಶಿವಕುಮಾರಿ ಅದನ್ನೇ ಗರಗಸಕ್ಕೆ ತಂದಳು. ಬ್ಯಾಟರಿ ತೆಗೆದು, ಚೈನಿಗೆ ಮುಸುಕು ಹಾಕಿ, ನೆಲಕ್ಕಿಟ್ಟು ಹಿಂದೆ ಸರಿಯುತ್ತಿದ್ದಳು. ಓಡುತ್ತಿರುವ ಗರಗಸವನ್ನು ಒಬ್ಬರ ಕೈಯಿಂದ ಇನ್ನೊಬ್ಬರು ಇಸಿದುಕೊಳ್ಳುವ ಮಾತೇ ಇರಲಿಲ್ಲ.

"ಮಷೀನಿಗೂ ಜಗಳ ಬರ್ತದೇನು ಅಕ್ಕಾ?" ಎಂದು ಒಬ್ಬ ಚೇಷ್ಟೆ ಮಾಡಿದ್ದಕ್ಕೆ, "ಮಷೀನಿಗಿ ಜಗಳ ಬ್ಯಾಡ, ಬಳ್ಳು ಬೇಕು" ಎಂದು ತನ್ನ ಹತ್ತೂ ಬೆರಳನ್ನು ಅವನ ಮುಂದೆ ಹಿಡಿದಳಂತೆ.

ಹೀಗಿರುವ ಹೆಂಗಸಿಗೆ ಕಷ್ಟ ಬರುವುದು ಹೊರಗಿನವರಿಂದಲ್ಲ, ಮನೆಯವರಿಂದಲೇ. ಅವಳ ಮೈದುನ ಸುಭಾಷ ಮೀಸೆ ಮೂಡುವ ವಯಸ್ಸಿನಲ್ಲಿ ಅಫಜಲಪುರದ ಕಡೆಯ ಹಳ್ಳಿಯಿಂದ ಬಂದು ಅವಳ ಕೈಯ ರೊಟ್ಟಿ ತಿಂದು ಬೆಳೆದವನು. ಅವಳ ಗಂಡ ಬಸವಂತರಾಯ ಅಂಧೇರಿಯ ಒಂದು ಆಫೀಸಿನಲ್ಲಿ ವಾಚ್‌ಮನ್. ತಮ್ಮನನ್ನೂ ಅಲ್ಲೇ ಸೇರಿಸಬೇಕೆಂದಿದ್ದ. ಆದರೆ ಸುಭಾಷನಿಗೆ ಮರದ ಕೆಲಸವೇ ಹಿಡಿಸಿತು. ವರ್ಷಗಟ್ಟಲೆ ಗುತ್ತಿಗೆ ಹಿಡಿಯುವ ಒಬ್ಬ ಠೇಕೇದಾರನ ಕೈಕೆಳಗೆ ಕೊಂಬೆ ಕಡಿದ. ಬೆವರು ಇವನದು, ಹೆಸರು ಠೇಕೇದಾರನದು. ಆಳುಗಳ ಮೇಲಿನ ಮುಕಾದಮ ಎಂದು ತನ್ನನ್ನೂ ಜನ ಕರೆಯಬೇಕು, ಒಂದು ಕೆಲಸವಾದರೂ ತನ್ನ ಹೆಸರಿಗೆ ಬರಬೇಕು ಎಂಬುದೊಂದೇ ಅವನ ಹಂಬಲ.

ಆ ವರ್ಷ ಮೇ ತಿಂಗಳ ಕೊನೆಗೆ ಅದು ಬಂತು. ಕಾಂದಿವಲಿಯ ಒಂದು ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಹಿತೇಶ್ ಭಾಯಿ, ಕಾಂಪೌಂಡಿನ ಮೂರು ಗುಲ್‌ಮೊಹರ್ ಮರಗಳ ಕೊಂಬೆ ಇಳಿಸುವ ಕೆಲಸವನ್ನು ನೇರವಾಗಿ ಅವನಿಗೇ ಕೊಟ್ಟ. ಪಾಲಿಕೆಯ ಪರವಾನಗಿ ಕೈಯಲ್ಲಿತ್ತು, ಅದರ ಅವಧಿ ಮಾತ್ರ ಮುಗಿಯುತ್ತ ಬಂದಿತ್ತು. ಮಳೆಯೂ ಬಾಗಿಲಲ್ಲಿ ನಿಂತಿತ್ತು. ಕೆಲಸ ಚೆನ್ನಾಗಿ ಆದರೆ ಸುಭಾಷ ತಾನೇ ಮುಕಾದಮ. ಕೆಟ್ಟರೆ ಬಾಲ ಮುದುರಿಕೊಂಡು ಮತ್ತೆ ಅದೇ ಠೇಕೇದಾರನ ಬಾಗಿಲಿಗೆ ಹೋಗಬೇಕು.

ಹಿಂದಿನ ಸಂಜೆ ಅವನು ಹೋಟೆಲಿನ ಹಿಂಬಾಗಿಲಿಗೆ ಬಂದ. ಮುಖ ದೀಪಾವಳಿಯ ಹಣತೆಯಂತೆ ಬೆಳಗುತ್ತಿತ್ತು.

"ವೈನಿ, ಲಂಬೂ, ಛೋಟು ಎರಡೂ ಕೊಡ್ರಿ. ನಾಳಿ ಮುಂಜಾನಿ ಕಾಂದಿವಲಿ!"

ಶಿವಕುಮಾರಿ ಖುಷಿಯಿಂದಲೇ ಎದ್ದವಳು ಅವನ ಕಾಲು ನೋಡಿ ನಿಂತಳು. ಬರಿಗಾಲು.

"ಚಪ್ಪಲಿ ಎಲ್ಲೋ?"

"ಹರಕಿ ಅದ ವೈನಿ. ಸ್ವಂತ ಕೆಲಸ ಸಿಕ್ಕರ ಗಾಣಗಾಪುರಕ್ಕ ಹೋಗಿ ದರ್ಶನ ಮಾಡೋ ತನಕ ಕಾಲಿಗಿ ಏನೂ ಹಾಕಂಗಿಲ್ಲ ಅಂತ ದತ್ತಪ್ಪಗ ಬೇಡ್ಕೊಂಡಿದ್ದೆ. ಸಿಕ್ತಲ್ಲ! ಈ ಕೆಲಸ ಮುಗಿಸ್ಕೊಂಡು ಗಾಡಿ ಹತ್ತೋದು."

"ಹಂಗಾದ್ರ ನಾಳಿ ಬೂಟು?"

ಸುಭಾಷ ತನ್ನ ಕಾಲನ್ನೇ ನೋಡಿಕೊಂಡ. ಕೆಲಸ ಸಿಗಲೆಂದು ಹೊತ್ತ ಹರಕೆಯೇ ಕೆಲಸಕ್ಕೆ ಅಡ್ಡ ಬರುತ್ತದೆಂದು ಪಾಪ, ಅವನಿಗೆ ಹೊಳೆದೇ ಇರಲಿಲ್ಲ. ಇಂಥ ತಪ್ಪು ಭಕ್ತರೇ ಮಾಡಬೇಕು, ನಾಸ್ತಿಕರಿಂದ ಆಗುವುದಿಲ್ಲ.

"ಒಂದ್ ದಿವ್ಸದ ಮಾತು ವೈನಿ. ನಾ ಏನ್ ಇವತ್ತ ಮರಾ ನೋಡ್ಲಕತ್ತೀನೇನು?"

"ಬರಿಗಾಲಿನವ್ರಿಗಿ ಮಷೀನ್ ಇಲ್ಲ. ಇದೇ ಮಾತು ಮಂದಿಗಿ ಹೇಳೀನಿ, ನಿನಗೂ ಹೇಳ್ತೀನಿ."

"ನಾ ಮಂದಿ ಆದೆನೇನು?"

ಆ ಮಾತು ಶಿವಕುಮಾರಿಗೆ ಚುಚ್ಚಿತು. ಆದರೂ ಅವಳು ಕೀಲಿ ಸೊಂಟದಿಂದ ತೆಗೆಯಲಿಲ್ಲ. ಗದ್ದಲ ಕೇಳಿ ಗಲ್ಲಾದಿಂದ ಎದ್ದು ಬಂದ ಅಣ್ಣು ಶೆಟ್ಟರು, "ಒಂದು ದಿನಕ್ಕೆ ದೇವರು ಅಡ್ಜಸ್ಟ್ ಮಾಡಿಕೊಳ್ತಾರೆ ಮಾರಾಯಾ, ಬೂಟು ಹಾಕು" ಎಂದರು. ದೇವರ ಪರವಾಗಿ ಶೆಟ್ಟರು ಮಾತು ಕೊಟ್ಟದ್ದು ಸುಭಾಷನಿಗೆ ಇನ್ನಷ್ಟು ಉರಿಯಿತು. ಕಾಲು ಅಪ್ಪಳಿಸುತ್ತ ಹೊರಟುಹೋದ.

ಮನೆಯಲ್ಲಿ ಅವನು ರೊಟ್ಟಿ ಮುಟ್ಟಲಿಲ್ಲ. ರಾಚವ್ವ ಗೋಡೆಗೊರಗಿ ಕುಳಿತು, "ಹರಕಿ ಮುರಿಬ್ಯಾಡ" ಎಂದು ಮಗನಿಗೂ, "ಅಂವನ ಹೊಟ್ಟಿ ಮ್ಯಾಲ ಕಾಲಿಡಬ್ಯಾಡ" ಎಂದು ಸೊಸೆಗೂ ಹೇಳಿ, ಎರಡೂ ಕಡೆ ನ್ಯಾಯ ಮಾಡಿದಳು. ಬಸವಂತರಾಯ ಬೇರೆ ಆಳು ಹುಡುಕಲು ನೋಡಿದ. ಗರಗಸ ಹಿಡಿಯಬಲ್ಲ ಗುರುಪಾದ ಮದುವೆಗೆಂದು ಊರಿಗೆ ಹೋಗಿದ್ದ. ಉಳಿದ ಅನಿಲ ಮತ್ತು ಅವನ ಜೊತೆಗಾರ ಹಗ್ಗ ಎಳೆಯುವವರು, ಮಷೀನು ಮುಟ್ಟಿದವರಲ್ಲ.

ಶಿವಕುಮಾರಿ ಸುಭಾಷನ ತಾಟನ್ನು ಅವನ ಮುಂದೆ ಸರಿಸಿದಳು.

"ಉಣ್ಣು. ನಾಳಿ ನಾ ಬರ್ತೀನಿ. ಮಷೀನ್ ನಾ ಹಿಡೀತೀನಿ, ಮುಕಾದಮ ನೀನೇ."

ಮೊದಲು ಬಾಯಿ ಬಿಟ್ಟವನು ಬಸವಂತರಾಯ. "ಕಾಂದಿವಲಿ ಮಂದಿ ಮುಂದ ಚೂಡಿದಾರ ಹಾಕ್ಕೊಂಡು ಮರಾ ಕಡೀತಿಯೇನು?"

"ಚೂಡಿದಾರನೂ ನಡಿಯಂಗಿಲ್ಲ. ಹಿತ್ತಲ ಕಟಗಿಗಿ ಅದು ಸರಿ. ದೊಡ್ಡ ಮರಕ್ಕ ಹರವು ಬಟ್ಟಿ ಆಗಂಗಿಲ್ಲ" ಎಂದು ಅವಳೇ ಹೇಳಿದಳು. "ನಿಮ್ಮ ಪ್ಯಾಂಟು, ಪೂರ್ತಿ ತೋಳಿನ ಅಂಗಿ ಕೊಡ್ರಿ."

ತಾನು ಮಾಡಿದ ಕಾಯಿದೆ ತನ್ನ ಕುತ್ತಿಗೆಗೇ ಬಂತೆಂದರೆ ಇದು. ಮರುದಿನ ಬೆಳಗಿನ ಜಾವ ಗಂಡನ ಖಾಕಿ ಪ್ಯಾಂಟು ತೊಟ್ಟು, ಬೆಲ್ಟು ಕೊನೆಯ ತೂತಿಗೆ ಬಿಗಿದು, ತಾಳಿಯನ್ನು ಅಂಗಿಯೊಳಗೆ ಇಳಿಸಿ ಕನ್ನಡಿ ಮುಂದೆ ನಿಂತಾಗ ಅವಳಿಗೇ ನಗು ಬಂತು. ಆದರೆ ಕೈಯ ಹಸಿರು ಗಾಜಿನ ಬಳೆ ನೋಡಿ ನಗು ನಿಂತಿತು. ಮುತ್ತೈದೆ ಕೈಯಿಂದ ಬಳೆ ತೆಗೆಯುವುದು ಹೇಗೆ? ತೆಗೆಯದೆ ಮಷೀನು ಹಿಡಿಯುವುದು ಹೇಗೆ?

ರಾಚವ್ವ ಎದ್ದು ಬಂದಳು. ತನ್ನ ಹಳೆಯ ಇಳಕಲ್ ಸೀರೆಯ ಅಂಚು ಹರಿದು, ಬಳೆಗಳನ್ನು ಮೊಣಕೈಯ ಕಡೆಗೆ ಸರಿಸಿ, ಒಂದೂ ಅಲುಗಾಡದ ಹಾಗೆ ಸುತ್ತಿ ಕಟ್ಟಿದಳು. ಅದರ ಮೇಲೆ ಅಂಗಿಯ ತೋಳೆಳೆದು ಗುಂಡಿ ಹಾಕಿದಳು. "ತಗಿಯೋದು ಬ್ಯಾಡ. ಮುಚ್ಚಿದ್ರ ಆಯ್ತಲ್ಲ" ಎಂದಳು. ಸೊಸೆ ಎಂದು ಇಷ್ಟು ವರ್ಷ ಕೆಲಸ ತೋರಿಸಿದ ಕೈ ಅದು. ಶಿವಕುಮಾರಿ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿಕೊಂಡಳು.

ಲೋಕಲ್‌ನಲ್ಲಿ ಲೋಕವೆಲ್ಲ ತನ್ನ ಪ್ಯಾಂಟನ್ನೇ ನೋಡುತ್ತದೆ ಎಂದು ಅವಳು ಹೆದರಿದ್ದಳು. ಗೋಣಿಚೀಲದಲ್ಲಿ ಸುತ್ತಿದ ಗರಗಸಗಳನ್ನು ಕಾಲಬಳಿ ಇಟ್ಟುಕೊಂಡು ಲಗೇಜ್ ಡಬ್ಬಿಯಲ್ಲಿ ಕುಳಿತರೆ, ಮೀನಿನ ಬುಟ್ಟಿಯ ಮರಾಠಿ ಹೆಂಗಸೊಬ್ಬಳು "ಸರಕ್ ಗ" ಎಂದು ಅವಳನ್ನು ಅತ್ತ ಸರಿಸಿ ಪಕ್ಕದಲ್ಲಿ ಕುಳಿತು ಕಣ್ಣು ಮುಚ್ಚಿದಳು. ಮುಂಬೈಗೆ ಯಾರ ಪ್ಯಾಂಟೂ ಬೇಕಾಗಿಲ್ಲ. ಈ ಊರಿನ ಮೇಲೆ ನೂರು ದೂರು ಹೇಳಬಹುದು, ಈ ಒಂದು ಗುಣಕ್ಕೆ ಮಾತ್ರ ಕೈ ಮುಗಿಯಬೇಕು.

ಸೊಸೈಟಿಯಲ್ಲಿ ಹಿತೇಶ್ ಭಾಯಿ ಮಷೀನು ಹಿಡಿದವಳನ್ನು ನೋಡಿ ಹುಬ್ಬೇರಿಸಿ, ಸುಭಾಷನ ಕಡೆ ತಿರುಗಿದ. ಅವನು "ನಮ್ಮ ಆಪರೇಟರ್" ಎಂದಷ್ಟೇ ಹೇಳಿದ. ಅವನ ಮುಖ ಇನ್ನೂ ಬಿಗಿದಿತ್ತು. ಶಿವಕುಮಾರಿ ಮಷೀನು ಬಿಚ್ಚುವ ಮೊದಲು ಮೊದಲನೆಯ ಮರವನ್ನು ಸುತ್ತಿದಳು. ಯಾವ ಕೊಂಬೆ ಎತ್ತ ವಾಲಿದೆ, ಎಲ್ಲಿ ಬೀಳುತ್ತದೆ, ಬಿದ್ದು ಎಲ್ಲಿಗೆ ಉರುಳುತ್ತದೆ, ತಾನು ಯಾವ ಕಡೆಗೆ ಹಿಂದೆ ಸರಿಯಬೇಕು. ಕಾರುಗಳನ್ನು ತೆಗೆಸಿದಳು. ಸುತ್ತ ಹಗ್ಗ ಕಟ್ಟಿಸಿ, ಬರಿಗಾಲ ಮುಕಾದಮನನ್ನೂ ಹಗ್ಗದಾಚೆ ನಿಲ್ಲಿಸಿದಳು.

ಮೊದಲ ಕೊಂಬೆಯ ಸರದಿ ಬಂತು. ಲಂಬೂ ಎತ್ತಿ, ಕೊಂಬೆಯ ನೇರ ಕೆಳಗೆ ನಿಲ್ಲದೆ ಓರೆಗೆ ನಿಂತಳು. ಕೊಂಬೆಯ ಹೊಟ್ಟೆಗೆ ಕೆಳಗಿನಿಂದ ಸ್ವಲ್ಪ ಕೊಯ್ದು, ಅದರಾಚೆ ಮೇಲಿನಿಂದ ಗರಗಸ ಇಳಿಸಿದಳು. ಹೀಗೆ ಮಾಡಿದರೆ ಬೀಳುವ ಕೊಂಬೆ ಮರದ ತೊಗಟೆ ಸುಲಿದುಕೊಂಡು ಬರುವುದಿಲ್ಲ. ಚಟಚಟ ಎಂದಿತು. ಅನಿಲ ಹಗ್ಗ ಎಳೆದ. ಕೊಂಬೆ ಅವಳು ತೋರಿಸಿದ ಜಾಗದಲ್ಲೇ, ಕೆಂಪು ಹೂವಿನ ರಾಶಿ ಎಬ್ಬಿಸುತ್ತ ಬಿತ್ತು. ಬಾಲ್ಕನಿಯಿಂದ ಒಬ್ಬಳು ಮುದುಕಿ ಚಪ್ಪಾಳೆ ತಟ್ಟಿದಳು. ಜಾಲರಿಯ ಹಿಂದೆ ಶಿವಕುಮಾರಿ ಹಲ್ಲು ಕಾಣುವ ಹಾಗೆ ನಕ್ಕಳು. ಅಲ್ಲಿ ಯಾರಿಗೂ ಕಾಣುವುದಿಲ್ಲವಲ್ಲ!

ಪ್ರತಿ ಕೊಂಬೆ ಬಿದ್ದ ಮೇಲೆ ಬ್ಯಾಟರಿ ತೆಗೆದು ಪ್ಯಾಂಟಿನ ಜೇಬಿಗೆ ಹಾಕುತ್ತಿದ್ದಳು. ಆಮೇಲೆಯೇ ಅನಿಲ ಹಗ್ಗ ದಾಟಿ ಬಂದು ಕೊಂಬೆ ಎಳೆಯಬೇಕು. ಹೀಗೆ ಎರಡು ಮರ ಮುಗಿದವು. ಹಗ್ಗದಾಚೆ ನಿಂತ ಸುಭಾಷನ ಮುಖವೂ ಸಡಿಲವಾಗತೊಡಗಿತು. "ವೈನಿ, ಎಡಕ್ಕ ಹಿಡೀರಿ" ಎಂದು ಕೂಗುವ ದನಿಯಲ್ಲಿ ಮುಕಾದಮನ ಠೀವಿ ಬಂದಿತ್ತು.

ಮೂರನೆಯ ಮರದ ದೊಡ್ಡ ಕೊಂಬೆಯ ಕೆಳಗೆ ಶಿವಕುಮಾರಿ ನಿಂತುಬಿಟ್ಟಳು. ಎಲೆಗಳ ನಡುವೆ ಒಂದು ಕರಿಯ ವಯರು. ಬಿಲ್ಡಿಂಗಿನಿಂದ ಪಂಪ್ ರೂಮಿಗೆ ಎಳೆದದ್ದು, ಕೊಂಬೆಯ ಮೇಲೇ ಒರಗಿತ್ತು. ಕೆಳಗಿನಿಂದ ನೋಡಿದರೆ ಬಳ್ಳಿಯ ಹಾಗೆ ಕಾಣುತ್ತಿತ್ತು. ಅವಳು ಬ್ಯಾಟರಿ ತೆಗೆದಳು, ಚೈನಿಗೆ ಮುಸುಕು ಹಾಕಿದಳು, ಲಂಬೂವನ್ನು ನೆಲಕ್ಕಿಟ್ಟು ಹಿಂದೆ ಸರಿದಳು.

"ಇದು ಆಗಂಗಿಲ್ಲ. ಮೊದಲು ಕರೆಂಟು ಬಂದ್ ಮಾಡಿ ವಯರು ಇಳಿಸ್ಬೇಕು."

ಹಿತೇಶ್ ಭಾಯಿ ಆಕಾಶ ನೋಡಿದ. ಪಶ್ಚಿಮಕ್ಕೆ ಮೋಡ ಕಪ್ಪಾಗುತ್ತಿತ್ತು. ಎಲೆಕ್ಟ್ರಿಶಿಯನ್ ಬರುವುದು ಯಾವಾಗಲೋ, ಪರವಾನಗಿ ಇಂದಿಗೆ ಮುಗಿಯುತ್ತದೆ, ನೋಡಿ ನೀವೇ ಎಂದು ಸುಭಾಷನಿಗೆ ಹಿಂದಿಯಲ್ಲಿ ಹೇಳಿದ. ಅವನು ಒತ್ತಾಯಿಸಲಿಲ್ಲ, ಒತ್ತಾಯಿಸಿದ್ದರೆ ಸುಭಾಷನಿಗೆ ಇಲ್ಲ ಎನ್ನುವುದು ಸುಲಭವಾಗುತ್ತಿತ್ತು.

"ವೈನಿ, ವಯರು ಒಂದ್ ಮೊಳ ದೂರ ಅದ. ಹುಷಾರಾಗಿ ತುದಿ ಕೊಯ್ರಿ, ಸಾಕು."

"ದೂರ ಇಲ್ಲ. ಮೈಮ್ಯಾಲೇ ಕುಂತದ."

"ಕೆಲಸ ಅರ್ಧಕ್ಕ ಬಿಟ್ರ ನನ್ನ ಮುಖ ನೋಡಿ ಯಾರು ಕೆಲಸ ಕೊಡ್ತಾರ್ರಿ?" ಸುಭಾಷನ ದನಿ ಒಡೆಯಿತು. ಬಾಲ್ಕನಿಗಳಲ್ಲಿ ಜನ ನಿಂತಿದ್ದರು. ಅವನು ಹಗ್ಗ ದಾಟಿದ. ನೆಲಕ್ಕಿಟ್ಟದ್ದನ್ನು ಎತ್ತಿಕೊಳ್ಳುವುದಕ್ಕೆ ಆ ಮನೆಯ ಪದ್ಧತಿಯಲ್ಲಿ ಅಡ್ಡಿಯಿಲ್ಲ ತಾನೆ? ಬರಿಗಾಲಲ್ಲೇ ಬಂದು, ಬಗ್ಗಿ ಲಂಬೂ ಎತ್ತಿ, ಮುಸುಕು ಕಿತ್ತು, ಕೊಂಬೆಗೆ ಹಿಡಿದು ಗುಂಡಿ ಒತ್ತಿದ.

ಏನೂ ಆಗಲಿಲ್ಲ. ಮತ್ತೆ ಒತ್ತಿದ. ಲಂಬೂ ಕಡ್ಡಿಯ ಹಾಗೆ ಸುಮ್ಮನಿತ್ತು.

ಶಿವಕುಮಾರಿ ಪ್ಯಾಂಟಿನ ಜೇಬಿನ ಮೇಲೆ ಅಂಗೈಯಿಟ್ಟು ನಿಂತಿದ್ದಳು. ಕಿರುಚಲಿಲ್ಲ, ಕಿತ್ತುಕೊಳ್ಳಲಿಲ್ಲ.

"ಬ್ಯಾಟರಿ ಇಲ್ಲಿ ಅದ, ಸುಭಾಷ. ಬೇಕಂದ್ರ ಬಂದು ತಗೋ. ನಿನಗ ರೊಟ್ಟಿ ಹಾಕಿದ ಕೈ ಇದು. ಈ ಕೈ ತಾನಾಗಿ ನಿನಗ ಇದನ್ನ ಕೊಡಂಗಿಲ್ಲ."

ಎಲ್ಲರ ಎದುರು, ಸತ್ತ ಗರಗಸವನ್ನು ಆಕಾಶಕ್ಕೆ ಹಿಡಿದುಕೊಂಡು, ಸುಭಾಷ ನಿಂತ. ನಾಚಿಕೆಯಿಂದ ಕಿವಿ ಕೆಂಪಾಯಿತು. ತಲೆಯೆತ್ತಿ ಕೊಂಬೆಯನ್ನು ನೋಡಿದ. ಈಗ ಅದರ ಹತ್ತಿರವೇ ನಿಂತಿದ್ದರಿಂದ ಅವನಿಗೂ ಕಂಡಿತು: ಗಾಳಿಗೆ ಕೊಂಬೆ ಅಲ್ಲಾಡಿದಾಗಲೆಲ್ಲ ವಯರೂ ಅದರ ಜೊತೆಗೆ ಅಲ್ಲಾಡುತ್ತಿತ್ತು. ಅವನು ವೈನಿಯ ಮುಖ ನೋಡಿದ. ಆಮೇಲೆ ಮೆಲ್ಲಗೆ ಲಂಬೂ ಇಳಿಸಿ ನೆಲಕ್ಕಿಟ್ಟ. ಹಿತೇಶ್ ಭಾಯಿಯ ಮುಂದೆ ಹೋಗಿ ನಿಂತು, ಬಾಲ್ಕನಿಗಳಿಗೂ ಕೇಳುವ ಹಾಗೆ ಹಿಂದಿಯಲ್ಲಿ ಹೇಳಿದ: "ವಯರು ಇಳಿಯದೆ ನನ್ನ ತಂಡ ಈ ಕೊಂಬೆ ಮುಟ್ಟುವುದಿಲ್ಲ. ಪರವಾನಗಿ ಮುಗಿದರೆ ಮುಗಿಯಲಿ. ಬೇರೆಯವರನ್ನು ಕರೆಸುತ್ತೀರಾದರೆ ಕರೆಸಿ."

ಕೈಗೆ ಬಂದ ತುತ್ತನ್ನು ತಾನೇ ಕೆಳಗಿಡುವುದು ಸುಲಭವಲ್ಲ. ಶಿವಕುಮಾರಿಗೆ ಅದು ಗೊತ್ತಿತ್ತು. ಆ ಗಳಿಗೆ ಅವಳು ಮೈದುನನ ಕಡೆ ನೋಡಲಾಗದೆ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡಳು.

ಹಿತೇಶ್ ಭಾಯಿ ಅವರಿಬ್ಬರನ್ನೂ ನೋಡಿದ. ಏನನ್ನಿಸಿತೋ, ಫೋನು ತೆಗೆದು ಎಲೆಕ್ಟ್ರಿಶಿಯನ್ನಿಗೆ ಗುಜರಾತಿಯಲ್ಲಿ ಗದರಿದ. ಊಟದ ಹೊತ್ತು ಮೀರಿದ ಮೇಲೆ ಆತ ಸ್ಕೂಟರಿನಲ್ಲಿ ಬಂದ. ಮೇನ್ ಬಂದ್ ಮಾಡಿ, ಏಣಿ ಹತ್ತಿ ವಯರು ಬಿಚ್ಚಿದವನು ಅದನ್ನು ಕೈಯಲ್ಲಿ ಹಿಡಿದು ಸುಮ್ಮನೆ ಎಲ್ಲರಿಗೂ ತೋರಿಸಿದ. ಕೊಂಬೆಗೆ ಉಜ್ಜಿ ಉಜ್ಜಿ ಮೇಲಿನ ರಬ್ಬರು ಸವೆದು, ಒಂದು ಗೇಣು ಉದ್ದಕ್ಕೆ ತಾಮ್ರ ಥಳಥಳ ಹೊಳೆಯುತ್ತಿತ್ತು. ಅನಿಲ ಎರಡೂ ಕೈ ಜೋಡಿಸಿ ಕಣ್ಣಿಗೊತ್ತಿಕೊಂಡ. ಸುಭಾಷ ಹಗ್ಗದಾಚೆ ಹೋಗಿ ತನ್ನ ಜಾಗದಲ್ಲಿ ನಿಂತ.

ಶಿವಕುಮಾರಿ ಬ್ಯಾಟರಿ ಕೂರಿಸಿದಳು. ತುದಿಯಿಂದ ಶುರುಮಾಡಿ ತುಂಡು ತುಂಡಾಗಿ ಇಳಿಸಿದಳು. ಕೊನೆಯ ತುಂಡು ನೆಲಕ್ಕೆ ಬಿದ್ದಾಗ ಮೊದಲ ಹನಿಗಳೂ ಬಿದ್ದವು. ಬ್ಯಾಟರಿಯ ಮಷೀನನ್ನು ಮಳೆಗೊಡ್ಡಬಾರದು. ಲಂಬೂವನ್ನು ಗೋಣಿಚೀಲದಲ್ಲಿ ಸುತ್ತಿ ಪೋರ್ಚಿನೊಳಗೆ ಓಡಿದರು. ಹಗಲೆಲ್ಲ ಕೈ ಎತ್ತಿ ಹಿಡಿದು ಅವಳ ಭುಜ ಹರಿದುಹೋಗುವಷ್ಟು ನೋಯುತ್ತಿತ್ತು. ಇಷ್ಟು ಸಂತೋಷ ಯಾವ ನೋವಿನಲ್ಲೂ ಇರಲಿಲ್ಲ.

ಪೋರ್ಚಿನಲ್ಲಿ ಚಹಾ ಬಂತು. ಹಿತೇಶ್ ಭಾಯಿ ಯಾರೊಂದಿಗೋ ಫೋನಿನಲ್ಲಿದ್ದ. ಪಕ್ಕದ ಸೊಸೈಟಿಯವರಿಗೂ ಮರದ ಕೆಲಸವಿದೆಯಂತೆ, ಸುಭಾಷನ ನಂಬರು ಕೊಡಲೇ ಎಂದು ಫೋನಿಗೆ ಕೈ ಅಡ್ಡ ಹಿಡಿದು ಕೇಳಿದ. ಸುಭಾಷ ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತ.

"ಕೊಡಿ. ಮುಕಾದಮ ನಾನೇ ಎಂದು ಹೇಳಿ. ಆದರೆ ಇದನ್ನೂ ಹೇಳಿಬಿಡಿ: ನಮ್ಮ ವೈನಿ ಮಷೀನು ನೆಲಕ್ಕಿಟ್ಟರೆ ಕೆಲಸ ನಿಂತಿತು. ನಾನು ಹೇಳಿದರೂ ನಡೆಯುವುದಿಲ್ಲ, ನೀವು ಹೇಳಿದರೂ ನಡೆಯುವುದಿಲ್ಲ. ಒಪ್ಪಿಗೆಯಿದ್ದರೆ ಫೋನು ಮಾಡಲಿ."

ಹಿತೇಶ್ ಭಾಯಿ ಅದನ್ನು ಹಾಗೆಯೇ ಫೋನಿಗೆ ಒಪ್ಪಿಸಿದ. ಆ ಕಡೆಯವರು ಏನೆಂದರೋ, ನಕ್ಕು ತಲೆಯಾಡಿಸಿದ. ಶಿವಕುಮಾರಿ ಮಳೆಯ ಕಡೆ ಮುಖ ಮಾಡಿ ನಿಂತಳು. ಕಣ್ಣು ಒರೆಸಿಕೊಳ್ಳಲು ಸೆರಗಿಗೆ ಕೈ ಹೋಯಿತು, ಸೆರಗಿರಲಿಲ್ಲ. ಗಂಡನ ಅಂಗಿಯ ತೋಳಿನಿಂದ ಎಲ್ಲರೆದುರೇ ಒರೆಸಿಕೊಂಡು, "ಇನ್ನೊಂದು ಚಹಾ ಹೇಳೋ ಮುಕಾದಮಾ" ಎಂದಳು.